ಸೊಪ್ಪು ಅಂದರೆ ಯಾವ ಸೊಪ್ಪು?

ನಮ್ಮ ಕಡೆ ಸೊಪ್ಪು ಅಂದರೆ ದಂಟು, ಮೆಂತ್ಯ, ಸಬ್ಬಸಿಗೆ. ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ತೋಟಗಳಿಂದ ನಸುಕಿನಲ್ಲೇ ಬೆಂಗಳೂರಿಗೆ ಹೊರಡುವ ಹೊರೆ ಅದು. ಕಾಲೇಜು ಹುಡುಗರ ಕೆಲವು ಗುಂಪುಗಳಲ್ಲಿ ಮಾತ್ರ ‘ಸೊಪ್ಪು’ ಅಂದರೆ ಗಾಂಜಾ. ಪೋಷಕರ ಸಭೆಯಲ್ಲಿ ಇದನ್ನು ಹೇಳಿದಾಗ ಮುಖ ಮುಖ ನೋಡಿಕೊಳ್ಳುವವರೇ ಹೆಚ್ಚು. ಮಗ ಫೋನಿನಲ್ಲಿ ಆ ಮಾತಾಡುವುದು ಕೇಳಿಸಿದ್ದರೂ ಅಡುಗೆಯ ವಿಚಾರ ಅಂದುಕೊಂಡ ತಾಯಂದಿರಿದ್ದಾರೆ. ಇದನ್ನು ಬರೆಯುತ್ತಿರುವುದು ಅಂಥವರಿಗಾಗಿ.

ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದವರ ಸೂಟ್‌ಕೇಸಿನಲ್ಲಿ ಗಾಂಜಾ ಸಿಕ್ಕಿತೆಂಬ ಸುದ್ದಿಯನ್ನು ನೀವು ಓದಿರುತ್ತೀರಿ. 2025ರ ಮಾರ್ಚ್‌ನಲ್ಲಿ ಮಂಗಳೂರು ಪೊಲೀಸರು ಬೆಂಗಳೂರಿನಲ್ಲಿ ಎಂಡಿಎಂಎ ಎಂಬ ಮಾದಕ ವಸ್ತುವನ್ನು 37 ಕೆ.ಜಿ.ಗೂ ಹೆಚ್ಚು ಹಿಡಿದರು. ಅದರ ಬೆಲೆ ಸುಮಾರು 75 ಕೋಟಿ ರೂಪಾಯಿ ಎಂದರು. ಇಂಥ ಸುದ್ದಿ ಓದಿ ‘ಇದು ದೊಡ್ಡವರ ವ್ಯವಹಾರ, ನಮ್ಮ ಮಕ್ಕಳಿಗೇನು’ ಅನ್ನಿಸುವುದು ಸಹಜ. ಆದರೆ ಮಕ್ಕಳ ಚಟ ಸೂಟ್‌ಕೇಸಿನಿಂದ ಶುರುವಾಗಬೇಕಿಲ್ಲ. ಪಂಕ್ಚರ್ ಅಂಗಡಿಯ ಸಲ್ಯೂಷನ್, ಸ್ಟೇಷನರಿ ಅಂಗಡಿಯ ವೈಟ್ನರ್, ಬಣ್ಣಕ್ಕೆ ಬೆರೆಸುವ ಥಿನ್ನರ್ ಸಾಕು. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಪ್ರಮಾಣದಲ್ಲಿ ಕಂಡ ನಶೆ ಇದೊಂದೇ: ಬಟ್ಟೆಗೆ ಹಚ್ಚಿ ಮೂಗಿಗೆ ಹಿಡಿಯುವ ಈ ವಾಸನೆ. ಇದು ಹೃದಯದ ಬಡಿತವನ್ನು ತಪ್ಪಿಸಿ, ಮೊದಲ ಸಲ ಮೂಸಿದವನನ್ನೂ ಕೊಲ್ಲಬಲ್ಲದು.

ಉಳಿದವುಗಳ ಹಾನಿ ಬೇರೆ ಬೇರೆ ಬಗೆಯದು. ನೋವಿನ ಮತ್ತು ನಿದ್ರೆಯ ಮಾತ್ರೆಗಳನ್ನು ಅಮಲಿಗಾಗಿ, ಅದರಲ್ಲೂ ಹೆಂಡದ ಜೊತೆ ನುಂಗಿದರೆ ಉಸಿರಾಟವೇ ನಿಧಾನವಾಗಿ ನಿಲ್ಲಬಹುದು. ಎಂಡಿಎಂಎ ಮೈಯ ಕಾವನ್ನು ಅಪಾಯದ ಮಟ್ಟಕ್ಕೆ ಏರಿಸುತ್ತದೆ. ಸೂಜಿ ಹಂಚಿಕೊಂಡವರಿಗೆ ಎಚ್‌ಐವಿ, ಹೆಪಟೈಟಿಸ್ ಸಿ ಅಂಟುತ್ತವೆ. ಗಾಂಜಾ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕು. ಅದು ಗಿಡ, ಸಾಧುಗಳೂ ಸೇದುತ್ತಾರೆ, ಏನೂ ಆಗುವುದಿಲ್ಲ ಎಂದು ಹುಡುಗರು ವಾದಿಸುತ್ತಾರೆ. ಆದರೆ ಮಿದುಳು ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. ಹದಿಹರೆಯದಲ್ಲಿ ದಿನವೂ ಸೇದಿದವರಲ್ಲಿ ನೆನಪು ಕುಗ್ಗುತ್ತದೆ, ಓದುವ ಮನಸ್ಸು ಹೋಗುತ್ತದೆ. ಕೆಲವರಿಗೆ ಯಾರೋ ಬೈದಂತೆ ದನಿ ಕೇಳಿಸುತ್ತದೆ, ಯಾರೋ ಹಿಂಬಾಲಿಸುತ್ತಿದ್ದಾರೆಂಬ ಅನುಮಾನ ಬಲಿಯುತ್ತದೆ. ಮನೆಯವರು ಗಾಳಿ ಸೋಕಿದೆ ಅಂದುಕೊಂಡು ಯಂತ್ರ ಕಟ್ಟಿಸಲು ಓಡಾಡುತ್ತಾರೆ. ಹಾಗೆ ಕಳೆದುಹೋಗುವ ತಿಂಗಳುಗಳು ಚಿಕಿತ್ಸೆಗೆ ತುಂಬ ಬೆಲೆಬಾಳುವ ತಿಂಗಳುಗಳು.

ಈಗ ಕಾನೂನು. ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಎಲ್ಲವನ್ನೂ ತೂಕದಲ್ಲಿ ಅಳೆಯುತ್ತದೆ. ಗಾಂಜಾ 1 ಕೆ.ಜಿ.ವರೆಗೆ ‘ಅಲ್ಪ ಪ್ರಮಾಣ’: ಒಂದು ವರ್ಷದವರೆಗೆ ಜೈಲು, ಇಲ್ಲವೆ 10,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. 20 ಕೆ.ಜಿ. ದಾಟಿದರೆ ‘ವಾಣಿಜ್ಯ ಪ್ರಮಾಣ’: ಕನಿಷ್ಠ ಹತ್ತು ವರ್ಷ, ಗರಿಷ್ಠ ಇಪ್ಪತ್ತು, ಜೊತೆಗೆ ಕನಿಷ್ಠ ಒಂದು ಲಕ್ಷ ದಂಡ. ಎಂಡಿಎಂಎಗೆ ಇದೇ ಗೆರೆ ಬರೀ 10 ಗ್ರಾಂ. ಎರಡು ಚಮಚ ಸಕ್ಕರೆಯಷ್ಟು ಪುಡಿ ಹತ್ತು ವರ್ಷದ ಜೈಲು! ಆ ತೂಕದ ಪ್ರಕರಣದಲ್ಲಿ ಜಾಮೀನು ಸಿಗುವುದೂ ಬಲು ಕಷ್ಟ. ‘ಬ್ಯಾಗು ಗೆಳೆಯನದು, ತಲುಪಿಸಿ ಬಾ ಅಂದ’ ಎಂಬ ಮಾತು ಸುಲಭಕ್ಕೆ ನಡೆಯುವುದಿಲ್ಲ. ತನಗೆ ಗೊತ್ತಿರಲಿಲ್ಲವೆಂದು ಸಾಬೀತುಪಡಿಸುವ ಹೊಣೆ ಬ್ಯಾಗು ಹಿಡಿದವನ ಮೇಲೇ ಬೀಳುತ್ತದೆ. ಪಾರ್ಸೆಲ್ ಕೆಲಸಕ್ಕೆ ಹೋಗುವ ನಮ್ಮ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕು.

ದೊಡ್ಡವರಿಗೂ ಎರಡು ಮಾತು. ನೆಲಮಂಗಲ, ಡಾಬಸ್‌ಪೇಟೆ ಸುತ್ತ ಕಾರ್ಖಾನೆ ಬಂದ ಮೇಲೆ ರೂಮು, ಶೆಡ್ಡು ಕಟ್ಟಿಸಿ ಬಾಡಿಗೆಗೆ ಬಿಡುವವರು ಹೆಚ್ಚಿದ್ದಾರೆ. ಅಲ್ಲಿ ಇಂಥ ವ್ಯವಹಾರ ನಡೆಯುವುದು ಗೊತ್ತಿದ್ದೂ ಬಿಟ್ಟರೆ ಮಾಲೀಕರಿಗೂ ಶಿಕ್ಷೆ ಇದೆ. ಹೊಲದ ಬೆಳೆಯ ನಡುವೆ ಗಾಂಜಾ ಗಿಡ ಬೆಳೆಸಿದರೆ ಹತ್ತು ವರ್ಷದವರೆಗೆ ಜೈಲು. ಹದಿನೆಂಟು ತುಂಬದ ಮಗುವಿಗೆ ವೈದ್ಯರ ಸಲಹೆಯಿಲ್ಲದೆ ಹೆಂಡವನ್ನೋ ಮಾದಕ ವಸ್ತುವನ್ನೋ ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯಡಿ ಏಳು ವರ್ಷದವರೆಗೆ ಕಠಿಣ ಶಿಕ್ಷೆ. ಹಬ್ಬದ ದಿನ ‘ಒಂದು ಗುಟುಕು ಕುಡಿ’ ಅನ್ನುವ ಮಾವನೂ ಇದರಿಂದ ಹೊರತಲ್ಲ.

ಇಷ್ಟು ಕೇಳಿದ ಪೋಷಕರು ಹೆದರಿ ವಿಷಯ ಮುಚ್ಚಿಡುತ್ತಾರೆ. ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಗೊತ್ತಾಗುತ್ತದೆ, ಮಗಳ ಮದುವೆ ನಿಲ್ಲುತ್ತದೆ ಎನ್ನುತ್ತಾರೆ. ನಾನು ಈ ಲೇಖನ ಬರೆಯುತ್ತಿರುವುದೇ ಈ ಭಯಕ್ಕೆ ಉತ್ತರ ಕೊಡಲು. ಅದೇ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಓದಿ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆಯುಳ್ಳ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಆ ಮೊಕದ್ದಮೆ ನಡೆಯುವುದಿಲ್ಲ. ಒಂದು ಷರತ್ತಿದೆ: ಚಿಕಿತ್ಸೆ ಪೂರ್ತಿ ಮುಗಿಸಬೇಕು. ಮಾರುವವನಿಗೆ ಈ ಬಾಗಿಲಿಲ್ಲ. ಇನ್ನು ಗುಟ್ಟಿನ ಮಾತು: 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕ ವಸ್ತುಗಳ ಚಟದಿಂದಾಗುವ ತೊಂದರೆಯನ್ನೂ ಕಾಯಿಲೆಯೆಂದೇ ಎಣಿಸುತ್ತದೆ, ರೋಗಿಯ ವಿವರವನ್ನು ಗುಟ್ಟಾಗಿಡಬೇಕೆನ್ನುತ್ತದೆ. ಸಂಕೋಲೆ ಹಾಕುವುದನ್ನು ಅದು ನಿಷೇಧಿಸಿದೆ. ಚಟ ಬಿಡಿಸುತ್ತೇವೆಂದು ಕೂಡಿಹಾಕಿ ಹೊಡೆಯುವ ಜಾಗಕ್ಕೆ ಮಗನನ್ನು ದಯವಿಟ್ಟು ಸೇರಿಸಬೇಡಿ.

ಚಿಕಿತ್ಸೆ ಅಂದರೆ ಒಂದು ಇಂಜೆಕ್ಷನ್ ಅಲ್ಲ. ಮೊದಲ ವಾರ ಮೈನಡುಕ, ನಿದ್ರೆಗೇಡು. ದಿನವೂ ವಿಪರೀತ ಕುಡಿಯುತ್ತಿದ್ದವನು ಏಕಾಏಕಿ ಬಿಟ್ಟರೆ ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು, ಅದಕ್ಕೇ ವೈದ್ಯರು ಬೇಕು. ಆಮೇಲೆ ತಿಂಗಳುಗಟ್ಟಲೆ ಆಪ್ತಸಲಹೆ. ನಡುವೆ ಜಾರಿದರೆ ‘ಕೆಟ್ಟುಹೋದ’ ಎಂದು ಕೈಬಿಡಬೇಡಿ. ಸಕ್ಕರೆ ಕಾಯಿಲೆ ಏರಿದಾಗ ಯಾರೂ ರೋಗಿಯನ್ನು ಮನೆಯಿಂದ ಹೊರಗೆ ಹಾಕುವುದಿಲ್ಲವಲ್ಲ.

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ವಿಭಾಗವಿದೆ. ಅಷ್ಟು ದೂರ ಆಗದಿದ್ದರೆ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವನ್ನು ವಿಚಾರಿಸಿ. ಇವತ್ತೇ ಮಾತಾಡಬೇಕು ಅನ್ನಿಸಿದರೆ ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಎರಡಕ್ಕೂ ಕರೆ ಉಚಿತ. 14416ರಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತಾಡಬಹುದು.