ಬೊಂಬಾಯಿಯ ಬಾಡಿಗೆ, ಬೆಂಗಳೂರಿನ ಅಡ್ವಾನ್ಸ್

ಮಂಗಳೂರಿನ ಕಾಟಿಪಳ್ಳದ ಯಾವ ಬ್ಲಾಕಿಗೆ ಹೋದರೂ ಅರುವತ್ತು ದಾಟಿದವರ ಬಾಯಲ್ಲಿ ಬೊಂಬಾಯಿಯ ಒಂದು ವಿಳಾಸ ಇರುತ್ತದೆ. ಫೋರ್ಟಿನ ಯಾವುದೋ ಹೋಟೆಲು, ಸಾಂತಾಕ್ರೂಜಿನ ಯಾವುದೋ ಚಾಳು. ಅವರ ನಂತರದವರಿಗೆ ದುಬೈ, ದಮ್ಮಾಮ್. ಮೂವತ್ತರೊಳಗಿನವರಿಗೆ ಬೆಂಗಳೂರು. ನಮ್ಮಲ್ಲಿ ಮಕ್ಕಳು ಊರು ಬಿಡುವುದು ಹೊಸತಲ್ಲ, ಊರೇ ಹಾಗೆ ಎದ್ದು ಬಂದದ್ದು. ಪಣಂಬೂರಿನಲ್ಲಿ ನವ ಮಂಗಳೂರು ಬಂದರು ಕಟ್ಟುವಾಗ ಗದ್ದೆ, ತೋಟ, ಕಡಲ ಬದಿ ಬಿಟ್ಟುಕೊಟ್ಟವರಿಗೆ ಸರಕಾರ ಅಳೆದು ಕೊಟ್ಟ ನಿವೇಶನಗಳೇ ಈ ಬ್ಲಾಕುಗಳು. 1974ರ ಮೇ ತಿಂಗಳಲ್ಲಿ ಆ ಬಂದರು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಬಂದು ಉದ್ಘಾಟಿಸಿದರು. ನಮ್ಮವರ ಕೈಯಲ್ಲಿ ಉಳಿದದ್ದು ಕೆಲವು ಸೆಂಟ್ಸ್ ಜಾಗ. ಉಣ್ಣಲು ಗದ್ದೆ ಇಲ್ಲದ ಮೇಲೆ ಸಂಬಳ ಇರುವಲ್ಲಿಗೆ ಹೋಗದೆ ವಿಧಿಯಿಲ್ಲ.

ನಾನು ಮೊದಲು ಮುಂಬೈಯಲ್ಲಿ, ಆಮೇಲೆ ಬೆಂಗಳೂರಿನಲ್ಲಿ ಖಾಸಗಿ ಕಂಪೆನಿಗಳ ಲೆಕ್ಕಪತ್ರ ನೋಡಿಕೊಂಡು ಬದುಕಿ ಊರಿಗೆ ಮರಳಿದವನು. ಹಾಗಾಗಿ ಎರಡೂ ಕಡೆ ಕೆಲಸ ಸಿಕ್ಕಿದ ಹುಡುಗ ಹುಡುಗಿಯರು ಮೊಬೈಲಿನಲ್ಲಿ ಆಫರ್ ಲೆಟರ್ ತೋರಿಸಿ, "ಎಲ್ಲಿಗೆ ಹೋಗುವುದು ಅಂಕಲ್?" ಎಂದು ಕೇಳುತ್ತಾರೆ. ಎರಡು ಸಂಬಳಗಳ ನಡುವಿನ ವ್ಯತ್ಯಾಸವನ್ನು ಅವರು ಆಗಲೇ ಕೂಡಿಸಿ ಕಳೆದು ನೋಡಿರುತ್ತಾರೆ. ನಾನು ಕೇಳುವ ಮೊದಲ ಪ್ರಶ್ನೆ ಬೇರೆ: ಈಗ ನಿನ್ನ ಕೈಯಲ್ಲಿ ಎಷ್ಟಿದೆ? ಮುಂಬೈ ಪ್ರತಿ ತಿಂಗಳೂ ದುಡ್ಡು ಕೇಳುವ ಊರು, ಬೆಂಗಳೂರು ಬಾಗಿಲಲ್ಲೇ ದುಡ್ಡು ಕೇಳುವ ಊರು. ಎರಡರ ಖರ್ಚನ್ನು ಒಂದೇ ಕೋಲಿನಲ್ಲಿ ಅಳೆಯಲು ಬರುವುದಿಲ್ಲ.

ನನ್ನ ಸೋದರಮಾವ ಬೊಂಬಾಯಿಗೆ ಹೋದಾಗ ಜೇಬಿನಲ್ಲಿದ್ದದ್ದು ಬಸ್ಸಿನ ಚಾರ್ಜು ಕಳೆದು ಉಳಿದ ಚಿಲ್ಲರೆ. ಹೋಟೆಲಿನಲ್ಲೇ ಕೆಲಸ, ಅಲ್ಲೇ ಊಟ, ಮೇಜು ಜೋಡಿಸಿ ಅಲ್ಲೇ ನಿದ್ದೆ, ಸಂಜೆ ಕನ್ನಡ ರಾತ್ರಿ ಶಾಲೆ. ಮೊದಲ ತಿಂಗಳೇ ಮನೆಗೆ ಮನಿಯಾರ್ಡರ್ ಬಂತು. ಬಂಡವಾಳವೇ ಇಲ್ಲದವನನ್ನು ಒಳಗೆ ಸೇರಿಸಿಕೊಳ್ಳುವ ಈ ವ್ಯವಸ್ಥೆಯನ್ನು ಕಟ್ಟಿದವರು ಮುಂಬೈಯ ಸೇಠ್‌ಗಳಲ್ಲ, ನಮ್ಮವರೇ. ಮೊಗವೀರ ವ್ಯವಸ್ಥಾಪಕ ಮಂಡಳಿ ಅಲ್ಲಿ ಶುರುವಾದದ್ದು 1902ರಲ್ಲಿ. ಬಿಲ್ಲವರ ಅಸೋಸಿಯೇಶನ್ ಬೆಂಬಲದ ಭಾರತ್ ಕೋ-ಆಪರೇಟಿವ್ ಬ್ಯಾಂಕ್ 1978ರಿಂದ ನಡೆಯುತ್ತಿದೆ. ಬಂಟರಿಗೆ ಅವರದೇ ಸಂಘ. ಜಾತಿ ಸಂಘಗಳ ಬಗ್ಗೆ ಯಾರಿಗೆ ಯಾವ ಅಭಿಪ್ರಾಯವೇ ಇರಲಿ, ವಿಳಾಸವೇ ಇಲ್ಲದ ಹುಡುಗನಿಗೆ ಖಾತೆ ತೆರೆಯಲು ಪರಿಚಯದ ಸಹಿ ಹಾಕುವವರೊಬ್ಬರು ಇದ್ದರು ಎನ್ನುವುದು ಆ ಕಾಲದಲ್ಲಿ ಸಣ್ಣ ಸಂಗತಿಯಲ್ಲ. ಇವತ್ತು ಆಧಾರ್ ಇದ್ದರೆ ಬ್ಯಾಂಕಿಗೆ ಹೋಗದೆಯೇ ಆ ಕೆಲಸ ಮುಗಿಯುತ್ತದೆ.

ನಾನು ಹೋದಾಗ ಹೋಟೆಲ್ ವಾಸದ ಕಾಲ ಮುಗಿದಿತ್ತು. ಡೊಂಬಿವ್ಲಿಯಲ್ಲಿ ಊರಿನವರು ನಾಲ್ಕು ಜನ ಸೇರಿ ಒಂದು ರೂಮು. ಅಲ್ಲಿ ಬಾಡಿಗೆ ಕರಾರಿಗೆ ಲೀವ್ ಆ್ಯಂಡ್ ಲೈಸೆನ್ಸ್ ಎನ್ನುತ್ತಾರೆ, ಹೆಚ್ಚಾಗಿ ಹನ್ನೊಂದು ತಿಂಗಳಿಗೆ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಆ ಕರಾರನ್ನು ನೋಂದಾಯಿಸಲೇಬೇಕು, ಅದರ ಹೊಣೆ ಮನೆ ಮಾಲೀಕನದು. ಡಿಪಾಸಿಟ್ ಎರಡು ಮೂರು ತಿಂಗಳ ಬಾಡಿಗೆ, ದಲ್ಲಾಳಿಗೆ ಒಂದು ತಿಂಗಳದ್ದು. ನಾಲ್ಕು ಜನರಿಗೆ ಹಂಚಿದರೆ ತಲೆಗೆ ಬೀಳುತ್ತಿದ್ದ ಮೊತ್ತವನ್ನು ಮೊದಲ ಸಂಬಳದಲ್ಲೇ ತೀರಿಸಬಹುದಿತ್ತು. ರೂಮಿನ ವಿಸ್ತೀರ್ಣದ ಬಗ್ಗೆ ಕೇಳಬೇಡಿ. ಒಬ್ಬ ಎದ್ದು ನಿಂತರೆ ಇನ್ನೊಬ್ಬ ಕೂರಬೇಕು.

ಬೆಂಗಳೂರಿಗೆ ಬಂದಾಗ ಕುಟುಂಬ ಜೊತೆಗಿತ್ತು. ಮನೆ ದೊಡ್ಡದು, ಗಾಳಿ ಬೆಳಕು ಧಾರಾಳ, ಬಾಡಿಗೆಯೂ ಮುಂಬೈಗಿಂತ ಕಡಿಮೆ. ಆದರೆ ಹತ್ತು ತಿಂಗಳ ಅಡ್ವಾನ್ಸ್! ಈಚೆಗೆ ಕೆಲವು ಬಡಾವಣೆಗಳಲ್ಲಿ ಐದಾರು ತಿಂಗಳಿಗೆ ಒಪ್ಪುವವರಿದ್ದಾರೆ, ಹತ್ತು ಕೇಳುವವರೂ ಇನ್ನೂ ಇದ್ದಾರೆ. 25,000 ಬಾಡಿಗೆಯ ಮನೆಗೆ ಎರಡೂವರೆ ಲಕ್ಷ ಬಡ್ಡಿಯಿಲ್ಲದೆ ಇನ್ನೊಬ್ಬರ ಖಾತೆಯಲ್ಲಿ ಕೂರುತ್ತದೆ. ಶೇಕಡಾ 7ರ ಠೇವಣಿಯಲ್ಲಿಟ್ಟಿದ್ದರೆ ಅದರಿಂದ ವರ್ಷಕ್ಕೆ 17,500 ಬರುತ್ತಿತ್ತು. ಅಂದರೆ ಮನೆಯ ನಿಜವಾದ ಬಾಡಿಗೆ 25,000 ಅಲ್ಲ, ತಿಂಗಳಿಗೆ ಸುಮಾರು 26,450. ಹೊರಡುವಾಗ "ಪೇಂಟಿಂಗ್" ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಗೋಡೆಗೆ ಒಂದು ಮೊಳೆ ಹೊಡೆಯದವನಿಗೂ ಅದೇ ದರ. ಎರಡು ವರ್ಷ ಇದ್ದು ಹೊರಟರೆ ತಿಂಗಳಿಗೆ ಇನ್ನೂ ಸಾವಿರ ಸೇರಿತು. ಕೇಂದ್ರ ಸರಕಾರ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಬೇಡ ಎಂದಿದೆ. ಮಾದರಿ ಎಂದರೆ ಮಾದರಿಯೇ, ರಾಜ್ಯ ಒಪ್ಪಿ ಜಾರಿ ಮಾಡಿದರಷ್ಟೇ ಅದಕ್ಕೆ ಬೆಲೆ.

ಬಾಡಿಗೆಯೇ ಬೇಡ, ಹದಿನೈದು ಇಪ್ಪತ್ತು ಲಕ್ಷ ಒಟ್ಟಿಗೆ ಕೊಟ್ಟು ಮೂರು ವರ್ಷ ಇರಿ ಎನ್ನುವ "ಲೀಸ್" ಬೆಂಗಳೂರಿನಲ್ಲಿ ಬಹಳ. ಮುಂಬೈಯಲ್ಲಿ ಇದಕ್ಕೆ ಹೆವಿ ಡಿಪಾಸಿಟ್ ಎನ್ನುತ್ತಾರೆ. ಮಾಲೀಕ ಆ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ಕಂತು ಕಟ್ಟದಿದ್ದರೆ ಬ್ಯಾಂಕು ಮೊದಲು ನೋಡುವುದು ತನ್ನ ಸಾಲವನ್ನು, ನಿಮ್ಮ ಇಪ್ಪತ್ತು ಲಕ್ಷವನ್ನಲ್ಲ. ಋಣಭಾರ ಪತ್ರ ತೆಗೆಸದೆ, ಕರಾರು ನೋಂದಣಿ ಮಾಡಿಸದೆ ಇದಕ್ಕೆ ಕೈ ಹಾಕಬೇಡಿ. ಊರಿನ ಚಿನ್ನ ಅಡವಿಟ್ಟು ಲೀಸಿಗೆ ಹೋಗುವವರನ್ನು ಕಂಡಿದ್ದೇನೆ, ಅವರಿಗೆ ಏನು ಹೇಳಲಿ ಎಂದೇ ತೋಚುವುದಿಲ್ಲ.

ತೆರಿಗೆಯ ಮಾತು ಬೇಗ ಮುಗಿಸುತ್ತೇನೆ. ಅಮೆರಿಕದಲ್ಲಿ ನ್ಯೂಯಾರ್ಕ್ ಬಿಟ್ಟು ಹ್ಯೂಸ್ಟನ್‌ಗೆ ಹೋದವನಿಗೆ ರಾಜ್ಯದ ಆದಾಯ ತೆರಿಗೆ, ನಗರದ ಆದಾಯ ತೆರಿಗೆ ಎರಡೂ ಉಳಿಯುತ್ತವೆ. ಟೆಕ್ಸಾಸ್‌ನಲ್ಲಿ ರಾಜ್ಯ ಆದಾಯ ತೆರಿಗೆಯೇ ಇಲ್ಲ. ಅಲ್ಲಿನ ನಮ್ಮವರು ಊರು ಆರಿಸುವಾಗ ಮೊದಲು ಹಾಕುವ ಲೆಕ್ಕವೇ ಅದು. ನಮ್ಮಲ್ಲಿ ಸಂಬಳದ ಮೇಲಿನ ಆದಾಯ ತೆರಿಗೆ ಕೇಂದ್ರದ್ದು, ಊರು ಬದಲಾದರೂ ದರ ಬದಲಾಗದು. ಹಳೆಯ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿಗೆ ಮುಂಬೈಯಲ್ಲಿ ಸಂಬಳದ ಶೇಕಡಾ 50ರ ಮಿತಿ ಇದ್ದಾಗ ಬೆಂಗಳೂರಿಗೆ 40 ಮಾತ್ರ ಇತ್ತು. ಅಷ್ಟು ದೊಡ್ಡ ನಗರವನ್ನು ಕಾನೂನು ಮಹಾನಗರ ಎಂದು ಒಪ್ಪದಿದ್ದದ್ದು ನನಗಂತೂ ತಮಾಷೆಯಾಗಿ ಕಾಣುತ್ತಿತ್ತು. ಹೊಸ ಪದ್ಧತಿಯಲ್ಲಿ ಆ ವಿನಾಯಿತಿಯೇ ಇಲ್ಲ. 2025-26ರ ಲೆಕ್ಕದಲ್ಲಿ ಸಂಬಳದಾರನಿಗೆ 12.75 ಲಕ್ಷದವರೆಗೆ ತೆರಿಗೆಯೂ ಇಲ್ಲ. ಹಾಗಾಗಿ ಕೆಲಸಕ್ಕೆ ಈಗಷ್ಟೇ ಸೇರುವವರು ಇದನ್ನು ಮರೆತುಬಿಡಬಹುದು.

ತಲೆ ಕೆಡಿಸಿಕೊಳ್ಳಬೇಕಾದದ್ದು ಓಡಾಟದ ಬಗ್ಗೆ. ಮುಂಬೈ ಲೋಕಲ್‌ನ ಎರಡನೇ ದರ್ಜೆಯ ಕನಿಷ್ಠ ಟಿಕೆಟ್ 5 ರೂಪಾಯಿ, ತಿಂಗಳ ಪಾಸಿಗೆ ಕೆಲವು ನೂರು. ಐವತ್ತು ಕಿಲೋಮೀಟರ್ ದೂರ ಹೋಗಿ ಬರುವವನ ತಿಂಗಳ ಖರ್ಚು ಬೆಂಗಳೂರಿನಲ್ಲಿ ಎರಡು ಸಲ ಆಟೋ ಹತ್ತಿದಷ್ಟೇ. ಬಾಡಿಗೆ ಸುಡುವ ಮುಂಬೈಯಲ್ಲಿ ಸಾಮಾನ್ಯ ಮನುಷ್ಯ ಉಳಿದಿರುವುದು ಈ ಪಾಸಿನ ದಯೆಯಿಂದ. ಅಗ್ಗದ ಮನೆ ದೂರದಲ್ಲಿ, ದೂರಕ್ಕೆ ಅಗ್ಗದ ರೈಲು. ಇದಕ್ಕೆ ತೆರಬೇಕಾದದ್ದು ಮೈಯಿಂದ: ಸಂಜೆಯ ಡೊಂಬಿವ್ಲಿ ಗಾಡಿಯಲ್ಲಿ ನಿಂತವನಿಗೆ ಮನೆಗೆ ಬಂದ ಮೇಲೆ ಮಾತು ಬೇಡವಾಗುತ್ತದೆ.

ಬೆಂಗಳೂರಿನಲ್ಲಿ ಮೆಟ್ರೊ 2011ರ ಅಕ್ಟೋಬರ್‌ನಲ್ಲಿ ಶುರುವಾದರೂ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾಗಿ ಓಡಿದ್ದು 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಡೆಯ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ. 2025ರ ಫೆಬ್ರವರಿಯ ಏರಿಕೆಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ಮೆಟ್ರೊ ಹತ್ತಿರವಿಲ್ಲದವರು ಬೈಕು ತೆಗೆಯುತ್ತಾರೆ, ಮದುವೆಯಾದ ಮೇಲೆ ಕಾರು. ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಕರ್ನಾಟಕದ ಜೀವಿತಾವಧಿ ತೆರಿಗೆ ಶೇಕಡಾ 17, ಅದರ ಮೇಲೆ ಸೆಸ್. ಒಂದು ಸಮಾಧಾನ ಏನೆಂದರೆ ಮಂಗಳೂರಿನ ಕೆಎ-19 ಗಾಡಿ ಬೆಂಗಳೂರಿನಲ್ಲಿ ಹಾಗೆಯೇ ಓಡುತ್ತದೆ. ಮುಂಬೈಯಲ್ಲಿ ಹನ್ನೆರಡು ತಿಂಗಳು ದಾಟಿದರೆ ಮರುನೋಂದಣಿ, ಅಲ್ಲಿನ ತೆರಿಗೆ ಮತ್ತೆ ಕಟ್ಟಬೇಕು. ಹುಡುಗಿಯರಿಗೆ ಇನ್ನೊಂದು ಲಾಭ: 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ಸು ಉಚಿತ. ಕಾಟಿಪಳ್ಳದಿಂದ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ಹೋಗುವ ನಮ್ಮ ಸಿಟಿ ಬಸ್ಸುಗಳು ಹೆಚ್ಚಾಗಿ ಖಾಸಗಿಯವರದು, ಹಾಗಾಗಿ ಊರಿನಲ್ಲಿ ದುಡ್ಡು ಕೊಟ್ಟು ನಿಲ್ಲುವ ಹುಡುಗಿ ಬೆಂಗಳೂರಿನಲ್ಲಿ ಬಿಟ್ಟಿ ಕೂರುತ್ತಾಳೆ.

ಕರೆಂಟಿನಲ್ಲೂ ಬೆಂಗಳೂರು ಮುಂದೆ. ಗೃಹಜ್ಯೋತಿ ಬಾಡಿಗೆದಾರನಿಗೂ ಸಿಗುತ್ತದೆ, 200 ಯೂನಿಟ್ ಮಿತಿಯೊಳಗೆ ಹಿಂದಿನ ಬಳಕೆಗೆ ತಕ್ಕಂತೆ. ಸೆಕೆಯ ಮುಂಬೈಯಲ್ಲಿ ಫ್ಯಾನು ವರ್ಷವಿಡೀ ತಿರುಗುತ್ತದೆ, ಬಿಲ್ಲೂ ಅದರ ಜೊತೆಗೆ. ನೀರಿನಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟುಗಳು ಟ್ಯಾಂಕರ್ ಎಣಿಸುತ್ತಿದ್ದವು, ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ನಿಗದಿ ಮಾಡಬೇಕಾಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ಹೊರವಲಯದ 110 ಹಳ್ಳಿಗಳಿಗೆಂದು. ಮನೆ ನೋಡಲು ಹೋದಾಗ ಮಾಲೀಕನಿಗಿಂತ ಮೊದಲು ವಾಚ್‌ಮನ್ ಹತ್ತಿರ ಕೇಳಿ: ಕಾವೇರಿ ನೀರೋ, ಬೋರೋ, ಟ್ಯಾಂಕರೋ? ಅವನು ಹೇಳಿದ್ದು ಮೇಂಟೆನೆನ್ಸ್ ಬಿಲ್ಲಿನಲ್ಲಿ ಕಾಣಿಸುತ್ತದೆ. ಮೀನಿನ ವಿಷಯ ಎತ್ತದೆ ಕರಾವಳಿಯವನ ಲೆಕ್ಕ ಪೂರ್ತಿಯಾಗದು. ಮುಂಬೈಯಲ್ಲಿ ಬಂಗುಡೆ ತಾಜಾ, ಕೈಗೆಟುಕುವ ದರ. ಬೆಂಗಳೂರಿಗೆ ಅದು ನಮ್ಮ ಕಡೆಯಿಂದಲೇ ಐಸಿನಲ್ಲಿ ಮಲಗಿ ಘಾಟಿ ಹತ್ತಿ ಬರುತ್ತದೆ, ಆ ಪ್ರಯಾಣದ ಚಾರ್ಜನ್ನೂ ನಾವೇ ಕೊಡಬೇಕು.

ಊರಿಗೆ ಬಂದು ಹೋಗುವ ಖರ್ಚನ್ನು ಯಾವ ಆನ್‌ಲೈನ್ ಲೆಕ್ಕಯಂತ್ರವೂ ತೋರಿಸುವುದಿಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ತಿ ತೆರೆದ ಮೇಲೆ ಮುಂಬೈ ಹತ್ತಿರವಾಯಿತು. ಮತ್ಸ್ಯಗಂಧ ರೈಲನ್ನು ಮಧ್ಯಾಹ್ನ ಹತ್ತಿದರೆ ಮರುದಿನ ಬೆಳಿಗ್ಗೆ ಸುರತ್ಕಲ್. ಸ್ಲೀಪರ್ ಟಿಕೆಟ್ ಈಗಲೂ ಅಗ್ಗ, ಆದರೆ ಬುಕಿಂಗ್ ತೆರೆಯುವುದು 60 ದಿನ ಮೊದಲು, ಚೌತಿಯ ಟಿಕೆಟ್ ತೆರೆದ ಕೂಡಲೇ ಖಾಲಿ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಅಮ್ಮನ ಕೈಯ ಚಹಾ. ಹಬ್ಬದ ವಾರ ಖಾಸಗಿ ಬಸ್ಸಿನವರು ಕೇಳುವ ದುಡ್ಡಿಗೆ ಲಂಗುಲಗಾಮಿಲ್ಲ, ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದರೆ ಸುತ್ತು ಬಳಸಬೇಕು. ಹಾಗಿದ್ದರೂ ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗುವ ಸವಲತ್ತು ಬೆಂಗಳೂರಿನಿಂದ ಮಾತ್ರ. ಅಪ್ಪ ಆಸ್ಪತ್ರೆ ಸೇರಿದ ವರ್ಷ ನಾನು ಬೆಂಗಳೂರಿನಲ್ಲಿದ್ದೆ. ಮುಂಬೈಯಲ್ಲಿದ್ದಿದ್ದರೆ ಅಷ್ಟು ಸಲ ಬಂದು ಹೋಗಲು ವಿಮಾನವೇ ಗತಿ, ಉಳಿತಾಯದ ಅರ್ಧ ಅದಕ್ಕೇ ಹೋಗುತ್ತಿತ್ತು.

ಮನೆ ಕೊಳ್ಳುವ ವಿಷಯ. ಒಂದು ಕೋಟಿಯ ಫ್ಲ್ಯಾಟಿಗೆ ಮುಂಬೈಯಲ್ಲಿ ಮುದ್ರಾಂಕ ಶುಲ್ಕ ಶೇಕಡಾ 6, ಅಂದರೆ 6 ಲಕ್ಷ. ನೋಂದಣಿ ಶುಲ್ಕ 30,000 ದಾಟುವಂತಿಲ್ಲ. ಹೆಂಗಸಿನ ಹೆಸರಿನಲ್ಲಿ ಕೊಂಡರೆ ಶೇಕಡಾ 1 ಕಡಿಮೆ. ಬೆಂಗಳೂರಿನಲ್ಲಿ ಶೇಕಡಾ 5ರ ಮುದ್ರಾಂಕಕ್ಕೆ ಸೆಸ್, ಸರ್‌ಚಾರ್ಜ್ ಸೇರಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 1ರ ಬದಲು 2, ಮೇಲ್ಮಿತಿ ಇಲ್ಲ. ಒಟ್ಟು 7.6 ಲಕ್ಷ. ಬೆಂಗಳೂರು ಅಗ್ಗ ಎಂಬ ನಂಬಿಕೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನಡೆಯುವುದಿಲ್ಲ. ಮುಂಬೈ ಪಾಲಿಕೆ ವ್ಯಾಪ್ತಿಯಲ್ಲಿ 500 ಚದರಡಿವರೆಗಿನ ಮನೆಗೆ 2022ರಿಂದ ಆಸ್ತಿ ತೆರಿಗೆ ಮನ್ನಾ ಇದೆ, ಆದರೆ ನಮ್ಮವರು ಹೆಚ್ಚಾಗಿ ಕೊಳ್ಳುವ ಡೊಂಬಿವ್ಲಿ, ಮೀರಾ ರೋಡ್ ಬೇರೆ ಪಾಲಿಕೆಗಳು.

ಅದೇ ಫ್ಲ್ಯಾಟಿಗೆ 80 ಲಕ್ಷ ಸಾಲ, ಶೇಕಡಾ 8.5, ಇಪ್ಪತ್ತು ವರ್ಷ ಎಂದಿಟ್ಟುಕೊಳ್ಳಿ. ಕಂತು ಸುಮಾರು 69,400. ಅಂಥ ಮನೆ ನಾನು ಕಂಡಂತೆ 25ರಿಂದ 30 ಸಾವಿರಕ್ಕೆ ಬಾಡಿಗೆಗೆ ಸಿಗುತ್ತದೆ. ಉಳಿಯುವ 40 ಸಾವಿರವನ್ನು ಶಿಸ್ತಿನಿಂದ ಕಟ್ಟಿಡುವವನಿಗೆ ಬಾಡಿಗೆಯೇ ಲಾಭ. ಕಟ್ಟಿಡದೆ ಖರ್ಚು ಮಾಡುವವನಿಗೆ ಕಂತೇ ವಾಸಿ, ಅದಾದರೂ ಅವನ ಕೈ ಹಿಡಿದಿರುತ್ತದೆ. ಕಾಟಿಪಳ್ಳದಲ್ಲಿ ಅಪ್ಪನ ಹೆಸರಿನ ಮನೆ ಇರುವವರಿಗೆ ಎರಡೂ ಊರಿನಲ್ಲಿ ಮನೆ ಕೊಳ್ಳುವ ಅವಸರ ಯಾಕೆಂದು ನನಗೆ ಅರ್ಥವಾಗುವುದಿಲ್ಲ.

ಕೈಯಲ್ಲಿ ಏನೂ ಇಲ್ಲ, ಮದುವೆಯಾಗಿಲ್ಲ, ರೂಮು ಹಂಚಿಕೊಳ್ಳಲು ತಯಾರು ಎಂದರೆ ಮುಂಬೈಗೆ ಹೋಗಿ, ಮೊದಲ ತಿಂಗಳಿಂದಲೇ ಮನೆಗೆ ದುಡ್ಡು ಕಳಿಸಬಹುದು. ಆರು ತಿಂಗಳ ಖರ್ಚಿನಷ್ಟು ಕೂಡಿಟ್ಟಿದ್ದರೆ, ಊರಿನಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದರೆ, ಸಂಬಳ ಐದಾರು ಸಾವಿರ ಕಡಿಮೆಯಾದರೂ ಬೆಂಗಳೂರೇ ಸರಿ. ಎರಡರಲ್ಲಿ ಯಾವುದಕ್ಕೆ ಹೋದರೂ ಅಡ್ವಾನ್ಸ್ ಆಗಲಿ ಡಿಪಾಸಿಟ್ ಆಗಲಿ ನಗದಾಗಿ ಕೊಡಬೇಡಿ. ಬ್ಯಾಂಕ್ ಮೂಲಕ ಕೊಟ್ಟು, ಮೊತ್ತವನ್ನೂ ಪೇಂಟಿಂಗ್‌ಗೆ ಎಷ್ಟು ಮುರಿಯುತ್ತಾರೆ ಎಂಬುದನ್ನೂ ಕರಾರಿನಲ್ಲಿ ಬರೆಸಿಕೊಂಡ ಮೇಲೆಯೇ ಬೀಗದ ಕೈ ತೆಗೆದುಕೊಳ್ಳಿ.