ಕಲೆಯನ್ನು ಉಜ್ಜಬೇಡಿ, ಸಂದಿಗೆ ದಾರ ಹಾಕಿ

ಕಂಬದೂರು, ಕಲ್ಯಾಣದುರ್ಗ, ಮಡಕಶಿರಾ, ಗಡಿ ದಾಟಿದರೆ ಕರ್ನಾಟಕದ ಪಾವಗಡ. ಈ ಸೀಮೆಯಲ್ಲಿ ಬೋರ್ ನೀರು ಕುಡಿದು ಬೆಳೆದ ಅನೇಕರ ಮುಂದಿನ ಹಲ್ಲುಗಳ ಮೇಲೆ ಹಳದಿ, ಕಂದು ಪಟ್ಟೆಗಳಿವೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಮಕ್ಕಳನ್ನು ಇಲ್ಲಿನ ಶಾಲೆಗಳಲ್ಲಿ ಕಾಣಬಹುದು. ‘ಸರಿಯಾಗಿ ಹಲ್ಲುಜ್ಜಲ್ಲ’ ಎಂದು ಅವರನ್ನು ಬೈಯುವುದು ಅನ್ಯಾಯ. ಅದು ಕೊಳೆಯಲ್ಲ, ಫ್ಲೋರೈಡ್ ಬಿಟ್ಟ ಗುರುತು.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಆಗಬಹುದು ಎನ್ನುತ್ತದೆ ಭಾರತೀಯ ಮಾನಕ ಬ್ಯೂರೋ. ಅವಿಭಜಿತ ಅನಂತಪುರ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರು ಈ ಮಿತಿಯನ್ನು ದಾಟಿದೆ. ಬಂಡೆಯೊಳಗಿನ ಖನಿಜ ಕರಗಿ ನೀರಿಗೆ ಸೇರುತ್ತದೆ. 1990ರ ದಶಕದಲ್ಲಿ ಸತ್ಯಸಾಯಿ ಕುಡಿಯುವ ನೀರಿನ ಯೋಜನೆ ಜಿಲ್ಲೆಯ ನೂರಾರು ಹಳ್ಳಿಗಳಿಗೆ ಕೊಳಾಯಿ ಎಳೆದದ್ದಕ್ಕೆ ನೀರಿನ ಬರದಷ್ಟೇ ಈ ಫ್ಲೋರೈಡೂ ಕಾರಣ. ಹೆಚ್ಚು ಕಡಿಮೆ ಎಂಟು ವರ್ಷದವರೆಗೆ, ಶಾಶ್ವತ ಹಲ್ಲುಗಳು ವಸಡಿನೊಳಗೇ ರೂಪುಗೊಳ್ಳುವಾಗ, ಈ ನೀರು ಕುಡಿದರೆ ಹಲ್ಲಿನ ಹೊರಪದರ ಕೆಡುತ್ತದೆ. ಹಾಗೆ ಮೂಡಿದ ಕಲೆ ಯಾವ ಪುಡಿಗೂ ಬಿಡದು.

ಆದರೂ ಜನ ಉಜ್ಜುತ್ತಾರೆ. ಇದ್ದಿಲು, ಇಟ್ಟಿಗೆ ಪುಡಿ, ಹರಳುಪ್ಪು, ಬಿರುಸು ಬ್ರಷ್ಷು. ಮೊದಲೇ ಬಲ ಕಳೆದುಕೊಂಡ ಹೊರಪದರ ಇನ್ನಷ್ಟು ಸವೆದು, ತಣ್ಣೀರು ತಾಗಿದರೂ ಹಲ್ಲು ಜುಮ್ಮೆನ್ನುತ್ತದೆ. ನಿಜವಾದ ಕೊಳೆ ಮಾತ್ರ ಹಲ್ಲುಸಂದಿಯಲ್ಲಿ ನೆಮ್ಮದಿಯಾಗಿ ಕೂತಿರುತ್ತದೆ. ಬ್ರಷ್ ಹಲ್ಲಿನ ಮುಂದೆ, ಹಿಂದೆ, ಮೇಲೆ ಓಡಾಡುತ್ತದೆ. ಪಕ್ಕದ ಹಲ್ಲಿಗೆ ಒತ್ತಿಕೊಂಡ ಎರಡು ಬದಿಗಳಿಗೆ ಅದು ತಲುಪುವುದೇ ಇಲ್ಲ. ಬೇವಿನ ಕಡ್ಡಿಯೂ ಅಷ್ಟೆ, ಹೊಂಗೆ ಕಡ್ಡಿಯೂ ಅಷ್ಟೆ. ಸಂದಿಯಲ್ಲಿ ಹುಳುಕು ಶುರುವಾಗುವುದು, ವಸಡು ಊದಿ ರಕ್ತ ಬರುವುದು ಹೆಚ್ಚಾಗಿ ಅಲ್ಲಿಂದಲೇ. ಬಾಯಿ ವಾಸನೆಗೂ ಅದು ಒಂದು ಕಾರಣ.

ಮಾಂಸದ ನಾರೋ ಕಡ್ಲೆಕಾಯಿ ಚೂರೋ ಸಿಕ್ಕಿಕೊಂಡಾಗ ಬಳೆಗೆ ಸಿಕ್ಕಿಸಿದ ಪಿನ್ನು, ಪೊರಕೆ ಕಡ್ಡಿ, ಬೆಂಕಿಕಡ್ಡಿ ಹುಡುಕುವ ಅಭ್ಯಾಸವನ್ನು ಇವತ್ತೇ ಬಿಡಿ. ಅವು ವಸಡನ್ನು ಚುಚ್ಚಿ ಗಾಯ ಮಾಡುತ್ತವೆ. ಅಲ್ಲದೆ, ತೆಗೆಯಬೇಕಾದದ್ದು ಕಣ್ಣಿಗೆ ಕಾಣುವ ಚೂರಿಗಿಂತ ಹೆಚ್ಚಾಗಿ, ಹಲ್ಲಿಗೆ ಅಂಟಿಕೊಂಡ ತೆಳು ಪಾಚಿ. ಅದಕ್ಕೆ ಫ್ಲಾಸ್ ದಾರ ಬೇಕು.

ದಾರ ಹಾಕುವ ಬಗೆ

ಮೇಣ ಸವರಿದ ಫ್ಲಾಸ್ ಕೊಳ್ಳಿ. ಒತ್ತಾದ ಹಲ್ಲುಗಳ ನಡುವೆ ಅದು ಸುಲಭವಾಗಿ ಜಾರುತ್ತದೆ. ಊರಿನ ಮೆಡಿಕಲ್ ಶಾಪಿನಲ್ಲಿ ಇಲ್ಲದಿದ್ದರೆ ತರಿಸಿಕೊಡಲು ಹೇಳಿ. ನಾಲ್ಕು ಜನ ಕೇಳಿದರೆ ಅಂಗಡಿಯವರು ಇಟ್ಟೇ ಇಡುತ್ತಾರೆ. ಹೊಲಿಗೆ ದಾರ ಬೇಡ. ಅದು ಸಂದಿಯಲ್ಲಿ ಎಳೆ ಬಿಡುತ್ತದೆ, ವಸಡನ್ನು ಕೊಯ್ಯುತ್ತದೆ.

ರಾತ್ರಿ ಊಟವಾದ ಮೇಲೆ, ಬ್ರಷ್ ಮಾಡುವ ಮೊದಲು, ಕೈ ತೊಳೆದು ಕನ್ನಡಿ ಮುಂದೆ ನಿಲ್ಲಿ. ಒಂದು ಮೊಳ ದಾರ ಸಾಕು, ಅಂದರೆ ಸುಮಾರು 45 ಸೆಂ.ಮೀ. ಹೂವು ಅಳೆಯುವಂತೆ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದುಕೊಳ್ಳಿ. ಈ ಲೆಕ್ಕದಲ್ಲಿ 50 ಮೀಟರಿನ ಒಂದು ಸುರುಳಿ ಒಬ್ಬರಿಗೆ ಮೂರು ತಿಂಗಳು ದಾಟಿ ಬರುತ್ತದೆ. ದಾರದ ಬಹುಪಾಲನ್ನು ಒಂದು ಕೈಯ ನಡುಬೆರಳಿಗೆ ಸುತ್ತಿ, ಉಳಿದ ತುದಿಯನ್ನು ಇನ್ನೊಂದು ನಡುಬೆರಳಿಗೆ ಎರಡು ಸುತ್ತು ಸುತ್ತಿ. ನಡುವೆ ಒಂದೆರಡು ಅಂಗುಲ ಉಳಿಸಿ, ಹೆಬ್ಬೆರಳು ಮತ್ತು ತೋರುಬೆರಳಿನಿಂದ ಬಿಗಿಯಾಗಿ ಹಿಡಿಯಿರಿ.

ಇನ್ನು ನಿಧಾನ. ದಾರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸುತ್ತಾ ಸಂದಿಗೆ ಇಳಿಸಿ. ಜೋರಾಗಿ ಒತ್ತಿದರೆ ಪಟಕ್ಕನೆ ಜಾರಿ ವಸಡಿಗೆ ಬಡಿಯುತ್ತದೆ. ಒಮ್ಮೆ ಹಾಗೆ ನೋವಾದವರು ಮತ್ತೆ ದಾರ ಮುಟ್ಟುವುದಿಲ್ಲ. ಒಳಗೆ ಹೋದ ಮೇಲೆ ದಾರವನ್ನು ಬಾಗಿಸಿ ಒಂದು ಹಲ್ಲಿನ ಬದಿಗೆ ಅಪ್ಪಿಸಿ, ವಸಡಿನ ಅಂಚಿನಿಂದ ತುಸು ಕೆಳಗೆ ಇಳಿದು, ಮೇಲೆ ಕೆಳಗೆ ನಾಲ್ಕಾರು ಸಲ ಸವರಿ. ದಾರ ಹೊರತೆಗೆಯದೆ ಪಕ್ಕದ ಹಲ್ಲಿನ ಬದಿಗೂ ಹಾಗೇ ಮಾಡಿ. ಎಷ್ಟೋ ಜನ ಈ ಎರಡನೆಯ ಬದಿಯನ್ನು ಬಿಟ್ಟುಬಿಡುತ್ತಾರೆ. ಮುಂದಿನ ಸಂದಿಗೆ ಬೆರಳಿನಿಂದ ಹೊಸ ದಾರ ಬಿಚ್ಚಿಕೊಳ್ಳಿ. ಕೊನೆಯ ದವಡೆ ಹಲ್ಲಿನ ಹಿಂಬದಿಯನ್ನೂ ಸವರಿ, ಬಾಯಿ ಮುಕ್ಕಳಿಸಿ.

ಮೊದಲ ಕೆಲವು ದಿನ ರಕ್ತ ಬಂದೀತು. ಹೆದರಿ ನಿಲ್ಲಿಸಬೇಡಿ. ಪಾಚಿಯಿಂದ ಊದಿದ ವಸಡು ಅದು. ದಿನಾ ಶುಚಿಯಾದರೆ ಒಂದೆರಡು ವಾರದಲ್ಲಿ ಗಟ್ಟಿಯಾಗುತ್ತದೆ. ವಯಸ್ಸಾಗಿ ವಸಡು ಇಳಿದು ಸಂದಿ ಅಗಲವಾದವರಿಗೆ ಸಂದಿಗೆಂದೇ ಬರುವ ಪುಟ್ಟ ಬ್ರಷ್ ಒಳ್ಳೆಯದು. ಬ್ರಷ್ ಜೊತೆಗೆ ಸಂದಿಯನ್ನೂ ಶುಚಿ ಮಾಡಿದರೆ ವಸಡಿನ ಉರಿಯೂತ ಕಡಿಮೆಯಾಗಬಹುದು, ಆ ಪುಟ್ಟ ಬ್ರಷ್ ದಾರಕ್ಕಿಂತ ಒಂದು ಕೈ ಮೇಲಿರಬಹುದು ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2019ರ ಕಾಕ್ರೇನ್ ಪರಿಶೀಲನೆ ಹೇಳಿತು. ಪುರಾವೆ ಇನ್ನೂ ಗಟ್ಟಿಯಾಗಬೇಕು ಎಂದೂ ಸೇರಿಸಿತು.

ಆಮೇಲೆ ಬ್ರಷ್: ಮೆತ್ತನೆಯ ಎಳೆಯದು, ವಸಡಿನ ಕಡೆ ಓರೆಯಾಗಿ ಹಿಡಿದು, ಎರಡು ನಿಮಿಷ, ಬೆಳಗ್ಗೆ ಮತ್ತು ರಾತ್ರಿ. ಎಳೆ ಸೊಟ್ಟಗಾದರೆ, ಇಲ್ಲವೇ ಮೂರ್ನಾಲ್ಕು ತಿಂಗಳಾದರೆ, ಬದಲಿಸಿ.

ಮಕ್ಕಳಿರುವ ಮನೆಯಲ್ಲಿ

ಜಾಹೀರಾತಿನಲ್ಲಿ ಬ್ರಷ್ ತುಂಬಾ ಪೇಸ್ಟ್ ಹಾಕುತ್ತಾರೆ. ನಮ್ಮ ಸೀಮೆಗೆ ಅದು ಸಲ್ಲದು. ಪೇಸ್ಟ್ ನುಂಗುವ ಮಗುವಿಗೆ ನೀರಿನ ಫ್ಲೋರೈಡ್ ಜೊತೆ ಇದೂ ಸೇರುತ್ತದೆ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು. ಪಕ್ಕದಲ್ಲೇ ನಿಂತು ಉಗುಳಿಸಿ. ನಮ್ಮ ದೇಶದ ನಿಯಮದಂತೆ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರುವಂತಿಲ್ಲ, ಪ್ರಮಾಣವನ್ನು ಟ್ಯೂಬಿನ ಮೇಲೆ ಬರೆದಿರಬೇಕು. ನಿಮ್ಮೂರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಪುಟ್ಟ ಮಕ್ಕಳಿಗೆ ಯಾವ ಪೇಸ್ಟ್ ಎಂದು ದಂತವೈದ್ಯರನ್ನೇ ಕೇಳಿ. ದೊಡ್ಡವರು ಪೇಸ್ಟ್ ಬಿಡಬೇಕಿಲ್ಲ. ಉಗುಳಿದರೆ ಅದು ಹುಳುಕಿನಿಂದ ಕಾಯುತ್ತದೆ.

ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುತ್ತದೆಂಬ ನಂಬಿಕೆ ತಪ್ಪು. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಆರ್‌ಓ ಘಟಕದ ನೀರನ್ನು ಕುಡಿಯಲು ಮಾತ್ರವಲ್ಲ, ಮಕ್ಕಳ ಅಡುಗೆಗೂ ಬಳಸಿ. ಶುಚಿಯಾಗಿ ಹಿಡಿದಿಟ್ಟ ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಚಹಾ ಎಲೆಯಲ್ಲೂ ಫ್ಲೋರೈಡ್ ಇರುವುದರಿಂದ ಮಕ್ಕಳಿಗೆ ಟೀ ಬದಲು ಹಾಲು, ಮಜ್ಜಿಗೆ ಕೊಡಿ.

ಈಗಾಗಲೇ ಕಲೆ ಮೂಡಿದ್ದರೆ ದಂತವೈದ್ಯರಲ್ಲಿ ಅದನ್ನು ತಿಳಿಯಾಗಿಸುವ, ಮರೆಮಾಡುವ ಚಿಕಿತ್ಸೆಗಳಿವೆ. ಮದುವೆ ವಯಸ್ಸಿನ ಹುಡುಗ ಹುಡುಗಿಯರು ಸಂಕೋಚಪಡದೆ ಕೇಳಬಹುದು. ಕಲೆಗಿಂತ ಬೇಗ ತೋರಿಸಬೇಕಾದವು ಬೇರೆ ಇವೆ: ಮೂರು ವಾರ ದಾರ ಹಾಕಿದ ಮೇಲೂ ನಿಲ್ಲದ ರಕ್ತ, ಅಲುಗಾಡುವ ಹಲ್ಲು, ವಸಡಿನಲ್ಲಿ ಕೀವು. ಸಕ್ಕರೆ ಕಾಯಿಲೆ ಇರುವವರು ಇವನ್ನು ಕಂಡ ವಾರದಲ್ಲೇ ಹೋಗಬೇಕು, ಏಕೆಂದರೆ ವಸಡಿನ ಸೋಂಕು ಸಕ್ಕರೆಯನ್ನು ಏರಿಸುತ್ತದೆ, ಏರಿದ ಸಕ್ಕರೆ ವಸಡನ್ನು ಕೆಡಿಸುತ್ತದೆ. ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ ಹಾಕುವವರ ಬಾಯಲ್ಲಿ ಬಿಳಿ ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದ ಬಿಗಿತ ಕಂಡರೆ ನೋವಿಲ್ಲದಿದ್ದರೂ ಸರ್ಕಾರಿ ಆಸ್ಪತ್ರೆಗೆ ಹೋಗಿ, ದಂತವೈದ್ಯರಿಗೆ ಬಾಯಿ ತೋರಿಸಿ.