ಅಜಮೋದ ಯಾವುದು? – ಸೆಲರಿ ಬೀಜದ ಗುಣ, ಬಳಕೆ ಮತ್ತು ಎಚ್ಚರಿಕೆ



ಅಡಿಕೆ ಸುಲಿಯುವ ಕೆಲಸ ಮುಗಿಯುವ ಹೊತ್ತಿಗೆ ಮೊಣಕಾಲು ನೋವು, ಸೊಂಟ ನೋವು ಎನ್ನದ ಮನೆ ನಮ್ಮ ಕಡೆ ಅಪರೂಪ. ದಿನವಿಡೀ ಕುಳಿತಲ್ಲೇ ಕುಳಿತು ಕೆಲಸ ಮಾಡಿದವರಿಗೆ ಏಳುವಾಗ ಗಂಟುಗಳು ಹಿಡಿದುಕೊಳ್ಳುತ್ತವೆ. ಕೆಲವು ವರ್ಷಗಳ ಹಿಂದೆ ನಮ್ಮ ಅಮ್ಮನಿಗೂ ಹೀಗೆಯೇ ಆಯಿತು. ಊರಿನ ವೈದ್ಯರು ಒಂದು ಚೂರ್ಣಕ್ಕೆ ಬೇಕಾದ ಸಾಮಾನುಗಳ ಚೀಟಿ ಬರೆದುಕೊಟ್ಟರು. ಶುಂಠಿ, ಕರಿಮೆಣಸು ಮನೆಯಲ್ಲೇ ಇದ್ದವು. ಚೀಟಿಯಲ್ಲಿದ್ದ 'ಅಜಮೋದ' ಮಾತ್ರ ಇರಲಿಲ್ಲ.

ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದಾಗ ಒಂದು ಪೊಟ್ಟಣ ಕೊಟ್ಟರು. ಸಂಶಯ ಬಂದು ಇನ್ನೊಂದು ಅಂಗಡಿಗೆ ಹೋದೆ. ಅಲ್ಲಿ ಬೇರೆಯೇ ಬೀಜ ಕೊಟ್ಟರು. 'ಎರಡೂ ಒಂದೇ, ಹೆಸರು ಮಾತ್ರ ಬೇರೆ' ಎಂಬ ಸಮಾಧಾನವೂ ಸಿಕ್ಕಿತು. ಎರಡನ್ನೂ ವೈದ್ಯರ ಮುಂದಿಟ್ಟೆ. ಮೊದಲನೆಯದನ್ನು ಅಂಗೈಯಲ್ಲಿ ಉಜ್ಜಿ ಮೂಸಿ, 'ಇದು ಚಕ್ಕುಲಿಗೆ ಹಾಕುವ ಓಮ ಮಾರಾಯ್ರೆ' ಎಂದು ನಕ್ಕರು. ಎರಡನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದವರು ನಗಲಿಲ್ಲ. 'ಇದನ್ನು ಯಾರೂ ಬಾಯಿಗೆ ಹಾಕಿಲ್ಲವಷ್ಟೆ?' ಎಂದು ಕೇಳಿದರು. ಅದು ಖುರಾಸಾನಿ ಓಮ, ವಿಷದ ಬೀಜ.

ಆ ದಿನದಿಂದ ಈ ಬೀಜಗಳ ವಿಷಯವನ್ನು ಸ್ವಲ್ಪ ಓದಿ, ಕೇಳಿ ತಿಳಿದುಕೊಂಡೆ. ಸೆಲರಿ ಬೀಜದ ಗುಣಗಾನ ಈಗ ಎಲ್ಲೆಡೆ ಕೇಳಿಬರುತ್ತಿರುವುದರಿಂದ, ತಿಳಿದುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಸೆಲರಿ ಎಂದರೇನು?

ಸೆಲರಿ ಕೊತ್ತಂಬರಿಯ ಕುಟುಂಬದ ಗಿಡ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಏಪಿಯಂ ಗ್ರೇವಿಯೋಲೆನ್ಸ್. ಜೀರಿಗೆ, ಓಮ, ಸಬ್ಬಸಿಗೆ, ಬಡೇಸೊಪ್ಪು, ಕ್ಯಾರೆಟ್, ಇಂಗು ಎಲ್ಲವೂ ಇದೇ ಕುಟುಂಬಕ್ಕೆ ಸೇರಿದವು. ಹೆಚ್ಚೇಕೆ, ನಮ್ಮ ತೋಟದ ಕಣಿಯ ಬದಿಯಲ್ಲಿ ಹಬ್ಬುವ ಒಂದೆಲಗವೂ (ತುಳುವಿನ ತಿಮರೆ) ಇದರ ಬಂಧುವೇ. ಈ ಕುಟುಂಬದ ಹೆಚ್ಚಿನ ಗಿಡಗಳ ಹೂಗೊಂಚಲು ಬಿಚ್ಚಿದ ಕೊಡೆಯಂತೆ ಇರುತ್ತದೆ. ಬೀಜವೆಂದು ನಾವು ಕರೆಯುವುದು ವಾಸ್ತವವಾಗಿ ಒಣಗಿದ ಸಣ್ಣ ಕಾಯಿ.

ಹೊರದೇಶಗಳಲ್ಲಿ ಸೆಲರಿಯ ದಂಟನ್ನು ತರಕಾರಿಯಾಗಿ ತಿನ್ನುತ್ತಾರೆ. ಬೀಜಕ್ಕಾಗಿ ಇದನ್ನು ಬೆಳೆಯುವುದರಲ್ಲಿ ಭಾರತವೇ ಮುಂದು. ಪಂಜಾಬಿನಲ್ಲಿ, ಮುಖ್ಯವಾಗಿ ಅಮೃತಸರದ ಸುತ್ತಮುತ್ತ, ಚಳಿಗಾಲದ ಬೆಳೆಯಾಗಿ ಇದನ್ನು ಬೆಳೆಯುತ್ತಾರೆ. ಬೀಜ ಎಷ್ಟು ಸಣ್ಣದೆಂದರೆ ಒಂದು ಗ್ರಾಂಗೆ ಸುಮಾರು 2,500 ಬೀಜಗಳು ತೂಗುತ್ತವೆ. ಆದ್ದರಿಂದ ಮೊದಲು ಪಾತಿಯಲ್ಲಿ ಸಸಿ ಮಾಡಿ ಅನಂತರ ಗದ್ದೆಗೆ ನೆಡುವುದು ರೂಢಿ.

'ನಮ್ಮ ತೋಟದಲ್ಲಿ ಬೆಳೆಯಬಹುದೇ?' ಎಂದು ಕೇಳುವವರಿದ್ದಾರೆ. ಬೀಜ ಕಟ್ಟಲು ಇದಕ್ಕೆ ದೀರ್ಘವಾದ ಚಳಿ, ಕೊಯ್ಲಿನ ಕಾಲಕ್ಕೆ ಒಣ ಹವೆ ಬೇಕು. ಘಟ್ಟದ ಬುಡದ ಸೆಕೆ ಮತ್ತು ತೇವದಲ್ಲಿ ಇದು ಲಾಭದ ಬೆಳೆಯಾಗದು. ಆಸಕ್ತಿಯಿದ್ದವರು ಮಳೆ ನಿಂತ ಮೇಲೆ ಕುಂಡದಲ್ಲಿ ಸೊಪ್ಪಿಗಾಗಿ ನಾಲ್ಕು ಗಿಡ ಬೆಳೆಸಿ ನೋಡಬಹುದು, ಅಷ್ಟೆ. ಬೀಜವನ್ನು ಮಣ್ಣಿನ ಮೇಲೆ ತೆಳ್ಳಗೆ ಉದುರಿಸಬೇಕು, ಆಳಕ್ಕೆ ಹಾಕಬಾರದು. ಮೊಳಕೆಗೆ ಎರಡು ಮೂರು ವಾರ ಕಾಯಬೇಕಾಗುತ್ತದೆ.

ಒಂದು ಹೆಸರು, ಹಲವು ಬೀಜ

ಗೊಂದಲ ಅಂಗಡಿಯಲ್ಲಿ ಮಾತ್ರ ಇರುವುದಲ್ಲ, ಗ್ರಂಥಗಳಲ್ಲೂ ಇದೆ. ಅಜಮೋದವೆಂದರೆ ಸೆಲರಿ ಬೀಜ ಎನ್ನುವವರು ಕೆಲವರು. ಬಂಗಾಳದವರು 'ರಾಂಧುನಿ' ಎಂದು ಒಗ್ಗರಣೆಗೆ ಬಳಸುವ, ಓಮದ ಹತ್ತಿರದ ಸಂಬಂಧಿಯಾದ ಬೀಜವೇ ಅಜಮೋದ ಎನ್ನುವವರು ಇನ್ನು ಕೆಲವರು. ಭಾರತ ಸರಕಾರದ ಆಯುರ್ವೇದ ಫಾರ್ಮಕೋಪಿಯಾದಲ್ಲಿ ಅಜಮೋದವೆಂದು ಕೊಟ್ಟಿರುವುದು ಏಪಿಯಂ ಲೆಪ್ಟೋಫಿಲಂ ಎಂಬ, ಸೆಲರಿಯ ಬಂಧುವಾದ ಇನ್ನೊಂದು ಗಿಡವನ್ನು. ಇವು ಮೂರೂ ಒಂದೇ ಕುಟುಂಬದವು, ಅಡುಗೆಗೋ ಮದ್ದಿಗೋ ಬಳಕೆಯಲ್ಲಿರುವಂಥವು. ಒಂದರ ಬದಲು ಇನ್ನೊಂದು ಬಂದರೆ ಮದ್ದಿನ ಗುಣ ಹೆಚ್ಚು ಕಡಿಮೆಯಾದೀತು, ಪ್ರಾಣಕ್ಕೆ ಅಪಾಯವಿಲ್ಲ.

ಖುರಾಸಾನಿ ಓಮದ ಮಾತು ಹಾಗಲ್ಲ. ಹೆಸರಿನಲ್ಲಿ ಓಮ ಎಂದಿದ್ದರೂ ಅದು ಓಮದ ಕುಟುಂಬದ್ದೇ ಅಲ್ಲ. ಬದನೆ, ದತ್ತೂರಗಳ ಕುಟುಂಬಕ್ಕೆ ಸೇರಿದ ಗಿಡ ಅದು. ದತ್ತೂರದಲ್ಲಿರುವಂಥ ವಿಷಾಂಶಗಳೇ ಅದರಲ್ಲಿಯೂ ಇವೆ. ಶುದ್ಧಿ, ಪ್ರಮಾಣ ತಿಳಿದ ವೈದ್ಯರು ಅದನ್ನು ಬಳಸುವುದುಂಟು. ಆದರೆ ಅಜಮೋದವೆಂದು ತಿಳಿದು ಚಮಚದ ಲೆಕ್ಕದಲ್ಲಿ ತಿಂದರೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗಿ ದೃಷ್ಟಿ ಮಂಜಾಗುತ್ತದೆ, ಎದೆ ಬಡಿತ ಹೆಚ್ಚುತ್ತದೆ, ಮಾತು ತಪ್ಪಿ ಬಡಬಡಿಸುವಂತಾಗುತ್ತದೆ. ಹಾಗಾದರೆ ಮನೆಮದ್ದು ಮಾಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಉಳಿದ ಬೀಜವನ್ನು ಪೊಟ್ಟಣ ಸಮೇತ ಜೊತೆಗೆ ಒಯ್ಯಬೇಕು.

ಗುರುತಿಸುವುದು ಹೇಗೆ?

ಒಂದು ಚಿಟಿಕೆ ಬೀಜವನ್ನು ಬಿಳಿ ಕಾಗದದ ಮೇಲೆ ಹರಡಿ ಭೂತಗನ್ನಡಿಯಿಂದ ನೋಡಿ. ಅನಂತರ ಅಂಗೈಯಲ್ಲಿ ಉಜ್ಜಿ ಮೂಸಿ. ಗುರುತು ಸಿಗುವವರೆಗೆ ನಾಲಿಗೆಗೆ ಇಡಬೇಡಿ.

1. ಸೆಲರಿ: ಒಂದು, ಒಂದೂವರೆ ಮಿಲ್ಲಿಮೀಟರ್ ಉದ್ದದ ಕಂದು ಬೀಜ. ಮೈ ನುಣುಪು, ಮೇಲೆ ತೆಳುವಾದ ಗೆರೆಗಳು. ಉಜ್ಜಿದಾಗ ಹಸಿ ಸೊಪ್ಪಿನ ಘಾಟು ಕೂಡಿದ ಪರಿಮಳ. ರುಚಿ ಸ್ವಲ್ಪ ಕಹಿ.

2. ಓಮ: ಸೆಲರಿಗಿಂತ ದೊಡ್ಡದು, ಬೂದು ಮಿಶ್ರಿತ ಕಂದು ಬಣ್ಣ, ಮೈ ಒರಟು. ಇದರ ಖಾರವಾದ ವಾಸನೆ ನಮ್ಮ ಹೆಂಗಸರಿಗೆ ಹೇಳಿಕೊಡಬೇಕಾದದ್ದಲ್ಲ. ಆ ವಾಸನೆಗೆ ಕಾರಣ ಥೈಮೋಲ್ ಎಂಬ ಅಂಶ.

3. ರಾಂಧುನಿ: ನೋಡಲು ಓಮದಂತೆಯೇ. ಭೂತಗನ್ನಡಿಯಲ್ಲಿ ಮೈಮೇಲೆ ಸಣ್ಣ ರೋಮಗಳು ಕಾಣುತ್ತವೆ.

4. ಖುರಾಸಾನಿ ಓಮ: ಚಪ್ಪಟೆ, ಹುರುಳಿಯನ್ನು ತೀರಾ ಸಣ್ಣದು ಮಾಡಿದಂಥ ಆಕಾರ. ಉದ್ದದ ಗೆರೆಗಳಿಲ್ಲ, ಮೈತುಂಬ ಸಣ್ಣ ಗುಳಿಗಳು. ಉಜ್ಜಿದರೆ ಸಂಬಾರದ ಪರಿಮಳ ಬರುವುದಿಲ್ಲ. ಇದೇ ಮುಖ್ಯ ಗುರುತು.

ಇಷ್ಟಾದರೂ ಸಂಶಯ ಉಳಿದರೆ ವೈದ್ಯರಿಗೆ ತೋರಿಸಿ. ಉಡುಪಿಯ ಕುತ್ಪಾಡಿಯಲ್ಲಿರುವ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜಿನಂಥ ಕಡೆ ಮದ್ದಿನ ವಸ್ತುಗಳನ್ನು ಬಲ್ಲ ಅಧ್ಯಾಪಕರಿರುತ್ತಾರೆ. ಅತ್ತ ಹೋಗುವ ಕೆಲಸವಿದ್ದಾಗ ಪೊಟ್ಟಣ ಒಯ್ದು ಕೇಳಬಹುದು.

ಶಾಸ್ತ್ರದಲ್ಲಿ ಅಜಮೋದ

ಚರಕ ಸಂಹಿತೆಯಲ್ಲಿ ಮದ್ದುಗಳನ್ನು ಹತ್ತು ಹತ್ತರ ಗುಂಪು ಮಾಡಿದ್ದಾರೆ. ಹಸಿವು ಹೆಚ್ಚಿಸುವ ಗುಂಪಿನಲ್ಲಿಯೂ ಹೊಟ್ಟೆಯ ಶೂಲೆ ತಗ್ಗಿಸುವ ಗುಂಪಿನಲ್ಲಿಯೂ ಅಜಮೋದ ಇದೆ. ಎರಡು ಗುಂಪಿನಲ್ಲಿಯೂ ಅದರ ಜೊತೆಗಾರರು ಯಾರೆಂದು ನೋಡಿ: ಹಿಪ್ಪಲಿ, ಶುಂಠಿ, ಕರಿಮೆಣಸು. ಅಡಿಕೆ ಮರಕ್ಕೆ ಹಬ್ಬಿಸಿದ ನಮ್ಮ ಮೆಣಸಿನ ಬಳ್ಳಿಗೂ ಪಂಜಾಬಿನ ಈ ಬೀಜಕ್ಕೂ ಮದ್ದಿನ ಪೆಟ್ಟಿಗೆಯಲ್ಲಿ ಅಷ್ಟು ಹಳೆಯ ನಂಟು.

ನಮ್ಮ ಮನೆಗಳಲ್ಲಿ ಅಜಮೋದ ಒಳಹೊಕ್ಕಿರುವುದು ಹೆಚ್ಚಾಗಿ ಹಿಂಗ್ವಾಷ್ಟಕ ಚೂರ್ಣದ ಮೂಲಕ. ಶುಂಠಿ, ಕರಿಮೆಣಸು, ಹಿಪ್ಪಲಿ, ಅಜಮೋದ, ಸೈಂಧವ ಲವಣ, ಜೀರಿಗೆ, ಕರಿಜೀರಿಗೆ, ಇಂಗು ಈ ಎಂಟು ಸೇರಿದ ಚೂರ್ಣ ಅದು. ಊಟದ ಮೊದಲ ತುತ್ತಿಗೆ ತುಪ್ಪದೊಡನೆ ಕಲಸಿ ತಿನ್ನುವುದು ಕ್ರಮ. ಹೊಟ್ಟೆಯುಬ್ಬರ, ಅಜೀರ್ಣಕ್ಕೆ ಕೊಡುತ್ತಾರೆ. ಗಂಟು ನೋವಿಗೆ ಹೆಸರಾದದ್ದು ಶಾರ್ಙ್ಗಧರ ಸಂಹಿತೆಯ ಅಜಮೋದಾದಿ ಚೂರ್ಣ. ಇದರಲ್ಲಿ ವಾಯುವಿಡಂಗ, ದೇವದಾರು, ಚಿತ್ರಮೂಲ, ಅಳಲೆ ಮೊದಲಾದವು ಸೇರುತ್ತವೆ. ನಮ್ಮ ಅಮ್ಮನಿಗೆ ವೈದ್ಯರು ಬರೆದುಕೊಟ್ಟದ್ದೂ ಇದನ್ನೇ. ಇವು ಹಲವು ವಸ್ತುಗಳು ಕೂಡಿದ ಯೋಗಗಳೆಂಬುದನ್ನು ಗಮನಿಸಬೇಕು. ಒಂಟಿ ಬೀಜಕ್ಕೆ ಇಡೀ ಚೂರ್ಣದ ಕೀರ್ತಿಯನ್ನು ಕಟ್ಟಬಾರದು.

ಇಂದಿನ ವಿಜ್ಞಾನವೂ ಈ ಬೀಜವನ್ನು ಪರೀಕ್ಷಿಸಿದೆ. ಅದರ ಪರಿಮಳ ತೈಲದಲ್ಲಿ ಹೆಚ್ಚಿನ ಪಾಲು ಲಿಮೋನೀನ್. ಸೆಲರಿಗೇ ವಿಶಿಷ್ಟವಾದ ವಾಸನೆ ಕೊಡುವುದು ಥ್ಯಾಲೈಡ್ ಎಂಬ ಅಂಶಗಳು. ಅವುಗಳಲ್ಲೊಂದಾದ ಬ್ಯುಟೈಲ್‌ಥ್ಯಾಲೈಡನ್ನು ಕಾರ್ಖಾನೆಯಲ್ಲಿ ತಯಾರಿಸಿ, ಮೆದುಳಿಗೆ ರಕ್ತ ತಡೆದು ಬರುವ ಲಕ್ವಕ್ಕೆ ಮದ್ದಾಗಿ ಬಳಸಲು ಚೀನಾ 2002ರಲ್ಲಿ ಅನುಮತಿ ನೀಡಿತು. ರಕ್ತದ ಒತ್ತಡದ ಮೇಲೆ ಬೀಜದ ಸಾರದ ಪರಿಣಾಮವನ್ನು ಕೆಲವು ಸಣ್ಣ ಪ್ರಯೋಗಗಳಲ್ಲಿ ನೋಡಿದ್ದಾರೆ. ಆದರೆ ಅಳತೆ ಮಾಡಿ ತೆಗೆದ ಸಾರ ಬೇರೆ, ಮನೆಯ ಚಮಚ ಬೇರೆ. ಬೀಜ ತಿನ್ನುತ್ತೇನೆಂದು ಒತ್ತಡದ ಮಾತ್ರೆ ನಿಲ್ಲಿಸುವುದು ಅವಿವೇಕ.

ಪೋಷಕಾಂಶದ ಲೆಕ್ಕ

100 ಗ್ರಾಂ ಸೆಲರಿ ಬೀಜದಲ್ಲಿ ಸುಮಾರು 18 ಗ್ರಾಂ ಸಸಾರಜನಕ, 25 ಗ್ರಾಂ ಕೊಬ್ಬು, 12 ಗ್ರಾಂ ನಾರು, 1,767 ಮಿಲ್ಲಿಗ್ರಾಂ ಸುಣ್ಣದಂಶ, 45 ಮಿಲ್ಲಿಗ್ರಾಂ ಕಬ್ಬಿಣ ಇವೆ. ಈ ಅಂಕಿಗಳು ಸುಳ್ಳಲ್ಲ. ಆದರೆ 100 ಗ್ರಾಂ ತಿನ್ನುವವರು ಯಾರು? ಒಂದು ಸಣ್ಣ ಚಮಚ ಬೀಜದ ತೂಕ 2 ಗ್ರಾಂ. ಅದರಿಂದ ಸಿಗುವುದು 35 ಮಿಲ್ಲಿಗ್ರಾಂ ಸುಣ್ಣದಂಶ, 0.9 ಮಿಲ್ಲಿಗ್ರಾಂ ಕಬ್ಬಿಣ.

ದೊಡ್ಡವರಿಗೆ ದಿನಕ್ಕೆ 1,000 ಮಿಲ್ಲಿಗ್ರಾಂ ಸುಣ್ಣದಂಶ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಕಬ್ಬಿಣ ಹೆಂಗಸರಿಗೆ 29, ಗಂಡಸರಿಗೆ 19 ಮಿಲ್ಲಿಗ್ರಾಂ. ಅಂದರೆ ಒಂದು ಚಮಚ ಸೆಲರಿ ಬೀಜ ಹೆಂಗಸಿನ ಕಬ್ಬಿಣದ ಅಗತ್ಯದಲ್ಲಿ ನೂರಕ್ಕೆ ಮೂರು ಪಾಲು ಮಾತ್ರ ಕೊಡುತ್ತದೆ. ಅದೇ ಒಂದು ಲೋಟ ಹಾಲಿನಲ್ಲಿ 240 ಮಿಲ್ಲಿಗ್ರಾಂನಷ್ಟು ಸುಣ್ಣದಂಶವಿದೆ. 40 ಗ್ರಾಂ ರಾಗಿಹಿಟ್ಟಿನ ಅಂಬಲಿಯಲ್ಲಿ ಸುಮಾರು 140 ಇದೆ. ಇನ್ನೊಂದು ಮಾತು ಕಾಫಿ ಬೆಳೆಗಾರರಾದ ನಾವೇ ಹೇಳಬೇಕಾಗಿದೆ: ಊಟದ ಬೆನ್ನಿಗೇ ಕಾಫಿ, ಚಹಾ ಕುಡಿದರೆ ಆಹಾರದ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಒಂದು ಗಂಟೆ ತಡೆದು ಕುಡಿಯುವುದು ಒಳ್ಳೆಯದು.

ಆದ್ದರಿಂದ ಸೆಲರಿ ಬೀಜವನ್ನು ಸಂಬಾರವೆಂದು ಬಳಸೋಣ. ಸಾರಿಗೆ, ಉಪ್ಪಿನಕಾಯಿಗೆ, ಸೌತೆ ಕೋಸಂಬರಿಗೆ ಚಿಟಿಕೆ ಹಾಕಿದರೆ ರುಚಿ, ಜೀರ್ಣಕ್ಕೂ ಹಿತ. ಆಹಾರದ ಕೊರತೆಯನ್ನು ಅದು ತುಂಬುತ್ತದೆಂದು ನಂಬುವುದು ಬೇಡ.

ನೆನಪಿಡಬೇಕಾದ ಅಂಶಗಳು

- ಬಿತ್ತನೆಗೆಂದು ಮಾರುವ ಬೀಜವನ್ನು ತಿನ್ನಬಾರದು. ಅದಕ್ಕೆ ಶಿಲೀಂಧ್ರನಾಶಕ ಲೇಪಿಸಿರುವ ಸಂಭವವಿದೆ. ಬೋರ್ಡೋ ಸಿಂಪಡಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.
- ಗರ್ಭಿಣಿಯರು ಮದ್ದಿನ ಪ್ರಮಾಣದಲ್ಲಿ ತೆಗೆದುಕೊಳ್ಳಬಾರದು. ಹಸುಳೆಗಳಿಗೆ ಕೊಡಬಾರದು.
- ಮೂತ್ರಪಿಂಡದ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ತಮ್ಮ ಡಾಕ್ಟರನ್ನು ಕೇಳದೆ ಬಳಸಬಾರದು.
- ಕೆಲವರಿಗೆ ಸೆಲರಿ ಒಗ್ಗುವುದಿಲ್ಲ. ತುಟಿ, ಗಂಟಲು ತುರಿಸಿದರೆ ಅಲ್ಲಿಗೇ ನಿಲ್ಲಿಸಬೇಕು. ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.
- ವೈದ್ಯರು ಅಜಮೋದದ ಪುಡಿಯನ್ನು ಕೊಡುವುದು ಸಾಮಾನ್ಯವಾಗಿ 1ರಿಂದ 3 ಗ್ರಾಂ. ಹೆಚ್ಚು ತಿಂದರೆ ಹೆಚ್ಚು ಗುಣ ಎಂಬುದಿಲ್ಲ.
- ನಮ್ಮ ಮಳೆಗಾಲದಲ್ಲಿ ಯಾವ ಬೀಜವೂ ಬೂಸಲು ಹಿಡಿಯುತ್ತದೆ. ಸ್ವಲ್ಪವೇ ಕೊಂಡು, ಒಣಗಿಸಿ, ಬಿಗಿ ಮುಚ್ಚಳದ ಬಾಟಲಿಯಲ್ಲಿಟ್ಟು ಮೇಲೆ ಹೆಸರು ಬರೆದಿಡಬೇಕು.

ಕೊನೆಯ ಮಾತನ್ನು ಮತ್ತೊಮ್ಮೆ ಹೇಳುತ್ತೇನೆ: ಹೆಸರು ಬರೆದಿಡಬೇಕು. ವೈದ್ಯರು ಅಂದು ಆ ಎರಡನೆಯ ಪೊಟ್ಟಣವನ್ನು ನನ್ನ ಕೈಗೆ ಹಿಂದಿರುಗಿಸಲಿಲ್ಲ. ಸರಿಯಾದ ಅಜಮೋದವನ್ನು ತಾವೇ ತರಿಸಿ ಚೂರ್ಣ ಮಾಡಿಕೊಟ್ಟರು. ಅಮ್ಮ ಅದನ್ನು ಬಿಸಿನೀರಿನಲ್ಲಿ ಕೆಲವು ವಾರ ತೆಗೆದುಕೊಂಡರು. ನೆಲದಲ್ಲಿ ಕುಳಿತು ಸುಲಿಯುವುದನ್ನು ಬಿಟ್ಟು ಎತ್ತರದ ಮಣೆಗೆ ಬದಲಾಯಿಸಿದರು. ನೋವು ತಗ್ಗಿತು. ತಗ್ಗಿಸಿದ್ದು ಚೂರ್ಣವೋ ಮಣೆಯೋ ಎಂದು ನಾನು ಹೇಳಲಾರೆ. ಈಗ ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಹೆಸರಿಲ್ಲದ ಬಾಟಲಿ ಒಂದೂ ಇಲ್ಲ. ಸದಸ್ಯರು ಇಂದು ಸಂಜೆಯೇ ತಮ್ಮ ಮನೆಯ ಕಪಾಟನ್ನು ಒಮ್ಮೆ ತೆಗೆದು ನೋಡಬೇಕೆಂದು ವಿನಂತಿ.